ಎಷ್ಟು ಹಾಕಲಿ ಎಂದು ನಾನು ಕೇಳಿರಲಿಲ್ಲ

ಶರಣ ಬಂಧುಗಳೇ, ನಮ್ಮ ಅತ್ತಿಯವರು, ಯಜಮಾನರ ತಾಯಿ, ಊಟ ಬಿಟ್ಟರು, ಅಲ್ಲಿಂದಲೇ ಶುರು ಮಾಡುತ್ತೇನೆ. ಬೇಡಿದ್ದನ್ನು ಲಿಂಗದೇವ ಕೊಟ್ಟ. ಆದರೆ ನನ್ನ ತಪ್ಪು ಹೇಳದೆ ಆ ಮಾತಷ್ಟೇ ಬರೆದರೆ ಸುಳ್ಳಾಗುತ್ತದೆ.

ನಮ್ಮ ಮನೆ ಆಳಂದದಲ್ಲಿ. ಯಜಮಾನರದು ತೊಗರಿ ವ್ಯಾಪಾರ. ಅತ್ತಿಯವರ ತವರು ಅಫಜಲಪುರ ತಾಲೂಕಿನ ಮಣ್ಣೂರ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಕಳೆದ ಶ್ರಾವಣದಲ್ಲಿ ಹೊಟ್ಟೆನೋವೆಂದು ಕಲಬುರಗಿಗೆ ಕರೆದೊಯ್ದಾಗ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆ ಎಂದರು. ಆಪರೇಷನ್ ಆಯಿತು, ಕೀಮೋ ಹಚ್ಚಿದರು. ಎರಡನೇ ಕೀಮೋ ಮುಗಿಸಿ ಬಸ್ಸಿನಲ್ಲಿ ಬರುವಾಗ ಕಡಗಂಚಿ ದಾಟುವವರೆಗೂ ಅತ್ತಿ ಸೆರಗು ಮೂಗಿಗೆ ಹಿಡಿದೇ ಇದ್ದರು. ಮುಂದಿನ ಸೀಟಿನವರು ಬಿಚ್ಚಿದ ಬುತ್ತಿಯ ವಾಸನೆಯೂ ಅವರಿಗೆ ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಊಟದ ಸಲಹೆ ಕೊಡುವ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ್ದರು, "ಶುಗರ್ ಇದೆ ಅಂತ ಉಪವಾಸ ಕೆಡವಬೇಡಿ. ತೂಕ ಇಳಿದರೆ ಕೀಮೋ ತಡೀಲಿಕ್ಕೆ ಆಗಲ್ಲ. ಸ್ವಲ್ಪ ಸ್ವಲ್ಪ, ಎರಡು ತಾಸಿಗೊಮ್ಮೆ ಕೊಡಿ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಸ್ಕೇಲು ಇಟ್ಟು ಗೆರೆ ಎಳೆದು, ಬೇಳೆಕಟ್ಟು, ಮೊಳಕೆ ಹೆಸರು, ಮೊಸರು, ಶೇಂಗಾ ಚಟ್ನಿಪುಡಿ ಎಂದು ತಾಸುಗಳ ಪ್ರಕಾರ ಬರೆದು ಫ್ರಿಜ್ಜಿಗೆ ಅಂಟಿಸಿದೆ. 'ಸ್ವಲ್ಪ ಸ್ವಲ್ಪ' ಎಂಬುದರ ಕೆಳಗೆ ಕೆಂಪು ಗೆರೆಯನ್ನೂ ಎಳೆದೆ. ಎಳೆದು, ಗಂಗಾಳದ ತುಂಬ ಬಡಿಸಿದೆ.

ಯಾಕೆಂದರೆ ಮಂದಿ ಮಾತಾಡಿಸಲು ಬರುತ್ತಿದ್ದರು. ಮಣ್ಣೂರಿನಿಂದ ಅತ್ತಿಯ ತಮ್ಮನ ಹೆಂಡತಿ ಬಂದವರು, ನಾನು ಮೊದಲ ದಿನ ಸ್ವಲ್ಪವೇ ಬಡಿಸಿದ್ದ ಗಂಗಾಳದೊಳಗೆ ಇಣುಕಿ, "ಇಷ್ಟ ಏನ್ ಬೇ? ಬ್ಯಾನಿ ಮನಶ್ಯಾಗ ಹಿಂಗ ಚಮಚಾದಾಗ ಹಾಕ್ತಾರೇನ?" ಎಂದು ನಕ್ಕಿದ್ದರು. ಆ ನಗು ನನ್ನ ಎದೆಯಲ್ಲಿ ಕುಳಿತುಬಿಟ್ಟಿತು. ಅಂದಿನಿಂದ ಎರಡು ರೊಟ್ಟಿ, ಮೇಲೆ ಅನ್ನ, ಸುತ್ತ ಪಲ್ಯ. ನೋಡಿದವರು ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ ಅನ್ನಬೇಕಿತ್ತು.

ಅತ್ತಿಯವರ ನೇಮ ನಿಮಗೆ ಗೊತ್ತಿರುವುದೇ. ಗಂಗಾಳಕ್ಕೆ ಬಂದದ್ದೆಲ್ಲ ಮೊದಲು ಲಿಂಗಕ್ಕೆ, ಆಮೇಲೆ ಅದು ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಕಡೆಗೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ಸುತ್ತ ಸವರಿ, ಆ ನೀರನ್ನೂ ಕುಡಿದು ಏಳುತ್ತಾರೆ. ನನ್ನ ತವರಿನಲ್ಲಿ ಲಿಂಗಪೂಜೆ ಇದ್ದರೂ ಇದು ಇಷ್ಟು ಬಿಗಿಯಾಗಿ ಇರಲಿಲ್ಲ. ಇಪ್ಪತ್ತೆರಡು ವರ್ಷ ದಿನಾ ಕಣ್ಣಾರೆ ನೋಡಿದ್ದೆ. ನೋಡಿದ್ದಷ್ಟೇ.

ಆ ದಿನಗಳಲ್ಲಿ ನಾನು ಗಂಗಾಳ ತಂದಿಟ್ಟರೆ ಅತ್ತಿ ಅದನ್ನೊಮ್ಮೆ ನೋಡಿ, ಎರಡೂ ಕೈಯಿಂದ ಮೆಲ್ಲಗೆ ನನ್ನ ಕಡೆ ಸರಿಸುತ್ತಿದ್ದರು. "ಬ್ಯಾಡವ್ವ. ಹಸಿವಿಲ್ಲ." ಮಜ್ಜಿಗೆ ಮಾತ್ರ ಕುಡಿಯುತ್ತಿದ್ದರು. ಅದನ್ನು ತಾವೇ ಮೊಗೆದುಕೊಳ್ಳುತ್ತಿದ್ದರು, ಅರ್ಧ ಲೋಟ. ಅದೂ ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ನಾನು ಬೈದೆ. ಗಟ್ಟಿಯಾಗಿ ಅಲ್ಲ, ನನಗೆ ಗಟ್ಟಿ ದನಿ ಬರುವುದಿಲ್ಲ. "ನಸಿಕಿನ್ಯಾಗ ಎದ್ದು ಮಾಡೀನ್ರಿ ಅತ್ತಿ. ಯಾರ ಸಲುವಾಗಿ ಮಾಡಾಕತ್ತೇನಿ ನಾ?" ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಕೈಯ ಹಸಿರು ಬಳೆ ಮೊಣಕೈತನಕ ಜಾರಿ ನಿಂತಿತು.

ದೀಪಾವಳಿ ಮುಗಿದ ವಾರ ಆದದ್ದು ಇದು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿ ಗಂಗಾಳ ಇಟ್ಟೆ. ಅತ್ತಿ ಸರಿಸಿದರು. ನನಗೂ ಸಿಟ್ಟು ಬಂದು ಅಲ್ಲೇ ಬಿಟ್ಟು ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಅತ್ತಿ ಮೈಯೆಲ್ಲ ಬೆವತು, ಕರೆದರೆ ಓಗೊಡದೆ ಬಿದ್ದಿದ್ದಾರೆ. ಆಳಂದದ ದವಾಖಾನೆಯಲ್ಲಿ ಗ್ಲೂಕೋಸ್ ಏರಿಸಿ ಕಲಬುರಗಿಗೆ ಕಳಿಸಿದರು. ಅತ್ತಿ ಕಣ್ಣು ಬಿಟ್ಟರು. ಆದರೆ ತೂಕ ನೋಡಿದ ಡಾಕ್ಟರು ಕೀಮೋ ಮುಂದಕ್ಕೆ ಹಾಕಿದರು. "ಊಟ ಮಾಡಿದ್ದನ್ನ ನೋಡಿ ಇಂಜೆಕ್ಷನ್ ಕೊಡಬೇಕಮ್ಮ," ಎಂದು ಪ್ರಮಾಣವನ್ನೂ ಇಳಿಸಿ ಬರೆದುಕೊಟ್ಟರು.

ಅಲ್ಲಿಯ ಬೆಂಚಿನ ಮೇಲೆ ಕುಳಿತು ಎದೆಯ ಮೇಲಿನ ಲಿಂಗ ಹಿಡಿದುಕೊಂಡು ಬೇಡಿದೆ. ತಂದೇ, ಆಯುಷ್ಯ ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ಅವರು ಬಾಯಿ ತೆರೆದು ನಾಲ್ಕು ತುತ್ತು ಉಣ್ಣುವಂತೆ ಮಾಡು.

ಅತ್ತಿಯ ಮಗಳು, ನನ್ನ ನಾದಿನಿಯನ್ನು ಜೇವರ್ಗಿಗೆ ಕೊಟ್ಟಿದೆ. "ವೈನಿ, ನೀವೂ ಸೊರಗೀರಿ. ನಾಕು ದಿನ ಇಬ್ಬರೂ ನಮ್ಮನಿಗೆ ಬರ್ರಿ" ಎಂದು ಹಟ ಹಿಡಿದು ಕರೆದೊಯ್ದಳು. ಸೋಮವಾರ ಅವರ ಓಣಿಯ ಸಣ್ಣ ಮಠದಲ್ಲಿ ದಾಸೋಹ. ಅತ್ತಿ ಹೋಗುತ್ತೇನೆ ಎಂದರು. ಇಬ್ಬರೂ ಹಿಡಿದು ನಡೆಸಿಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿದೆವು.

ಬಡಿಸುತ್ತಿದ್ದವರು ಬೆನ್ನು ಬಾಗಿದ ಒಬ್ಬ ಅಜ್ಜಿ. ಅತ್ತಿಯ ಮುಂದೆ ಬಂದವರು ಬುಟ್ಟಿ ಕೆಳಗಿಟ್ಟು ಕುಕ್ಕರಗಾಲಲ್ಲಿ ಕುಳಿತರು. ಅತ್ತಿಯ ಮುಖ ನೋಡಿದರು. "ಎಷ್ಟು ಹಾಕಲಿ ಯವ್ವಾ?"

ಅತ್ತಿ ನಾಲ್ಕು ಬೆರಳು ಬಾಗಿಸಿ ಅಂಗೈಯ ಗುಳಿ ತೋರಿಸಿದರು, ಇಷ್ಟು ಎಂದು. ಅಜ್ಜಿ ರೊಟ್ಟಿಯ ಒಂದು ತುಂಡು ಮುರಿದಿಟ್ಟು, ಒಂದು ಚಮಚ ಬೇಳೆ ಹಾಕಿದರು. "ಸಾಕಲ್ಲ? ಬೇಕಂದ್ರ ಕರಿ. ನಾ ಎಲ್ಲಿ ಹೋಗ್ತೀನಿ, ಇಲ್ಲೇ ಸಾಯಾಕತ್ತೇನಿ."

ಅತ್ತಿ ನಕ್ಕರು. ಎಷ್ಟೋ ದಿನಗಳ ಮೇಲೆ. ಲಿಂಗಕ್ಕೆ ತೋರಿಸಿ, ಆ ತುಂಡನ್ನು ನೆನೆಸಿ ನೆನೆಸಿ ಪೂರ್ತಿ ಉಂಡರು. ಆಮೇಲೆ ಕೈ ಎತ್ತಿ ಅಜ್ಜಿಯನ್ನು ಕರೆದರು. ಎರಡನೆಯ ತುಂಡನ್ನೂ ಮುಗಿಸಿ, ತಟ್ಟೆ ತೊಳೆದು ನೀರು ಕುಡಿದರು. ನಾನು ಕಂಬದ ಮರೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡೆ.

ಮನೆಗೆ ಬಂದು ಕೇಳಿದೆ. "ಅಲ್ಲಿ ಉಂಡ್ರಿ. ನಾ ಕೊಟ್ಟರ ಯಾಕ ಒಲ್ಲೆ ಅಂತಿದ್ರಿ ಅತ್ತಿ?"

"ನೀ ಅಷ್ಟು ಹಚ್ಚಿ ಕೊಡ್ತಿದ್ದಿ. ಮುಟ್ಟಿದ ಮ್ಯಾಲೆ ಬಿಟ್ಟು ಹೆಂಗ ಏಳ್ಲಿ ಬೇ? ಪ್ರಸಾದ ಅದು. ಅದಕ್ಕ ಮುಟ್ಟಲೇ ಇಲ್ಲ."

"ಕಡಿಮಿ ಹಾಕು ಅನ್ನಬೇಕಿತ್ತಲ್ರಿ!"

"ನಸಿಕಿನ್ಯಾಗ ಎದ್ದು ಮಾಡ್ತಿದ್ದಿ," ಎಂದರು ಅತ್ತಿ. "ನೊಂದುಕೊಂಡೀ ಅಂತ ಸುಮ್ಕಾದೆ."

ನನ್ನ ಮಾತೇ ಅದು. ಅದನ್ನೇ ಅವರು ಹೊಟ್ಟೆಯಲ್ಲಿಟ್ಟುಕೊಂಡು ಹಸಿದು ಮಲಗಿದ್ದರು.

ಆಳಂದಕ್ಕೆ ಬಂದವಳೇ ಗಂಗಾಳವನ್ನು ಅಟ್ಟದ ಮೇಲಿಟ್ಟೆ. ನನ್ನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಮಣ್ಣೂರಿನಿಂದ ಬಂದಿದ್ದ ಬೆಳ್ಳಿ ಬಟ್ಟಲು ತಿಕ್ಕಿ ತೆಗೆದೆ. ಕೂಸಿಗೆ ಉಣಿಸುವ ಬಟ್ಟಲು. "ಈಗ ನಾನೂ ಕೂಸಾದೆ ಅನ್ನು. ತೊಟ್ಟಿಲನೂ ಕಟ್ಟಸು" ಎಂದರು ಅತ್ತಿ. ಎರಡು ತಾಸಿಗೊಮ್ಮೆ ಒಂದು ಬಟ್ಟಲು. ಒಮ್ಮೆ ಮೆತ್ತಗಿನ ಬೇಳೆ ನುಚ್ಚು, ಒಮ್ಮೆ ಕಡೆದ ಮೊಸರು, ಒಮ್ಮೆ ಬೆಂದ ಹೆಸರು. ಪ್ರತಿ ಸಲವೂ ಖಾಲಿ. ಮಣ್ಣೂರಿನವರು ಮತ್ತೆ ಬಂದಾಗ ಬಟ್ಟಲನ್ನು ಅವರ ಎದುರೇ ಇಟ್ಟೆ. ಅವರು ಬಾಯಿ ತೆರೆಯುವ ಮೊದಲೇ ಅತ್ತಿ, "ನಡುವ ಮಾತಾಡಬ್ಯಾಡ, ಉಣ್ಣಾಕತ್ತೇನಿ" ಎಂದುಬಿಟ್ಟರು.

ತೂಕ ಇಳಿಯುವುದು ನಿಂತಿತು, ನಿಧಾನಕ್ಕೆ ಏರಿತು. ನಿಂತಿದ್ದ ಕೀಮೋ ಮತ್ತೆ ಶುರುವಾಗಿ ಈಗ ಮುಗಿದಿದೆ. ಮುಂದಿನದು ಸ್ಕ್ಯಾನ್ ಆದಮೇಲೆ ಹೇಳುತ್ತೇವೆ ಎಂದಿದ್ದಾರೆ. ಅದಕ್ಕಾಗಿ ನಾನು ಬೇರೆ ಏನೂ ಬೇಡಿಲ್ಲ. ಬೆಂಚಿನ ಮೇಲೆ ಬೇಡಿದ್ದನ್ನು ದೇವರು ಕೊಟ್ಟಾಗಿದೆ. ಆ ಅಜ್ಜಿಯ ಬಾಯಿಯಿಂದ ನನಗೂ ಒಂದು ಪ್ರಶ್ನೆ ಕಲಿಸಿದ. ಆದರೆ ಕೀಮೋ ನಿಂತು ಕಳೆದ ಆ ವಾರಗಳನ್ನು ಯಾರು ತಿರುಗಿ ಕೊಡುತ್ತಾರೆ? ಸ್ಕ್ಯಾನಿನಲ್ಲಿ ಏನೇ ಬರಲಿ, ಅದರಲ್ಲಿ ಆ ವಾರಗಳ ಪಾಲು ಎಷ್ಟೆಂದು ನನಗೆ ಗೊತ್ತಾಗುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೂ ಅತ್ತಿ ಪಡಸಾಲೆಯಲ್ಲಿ ಕುಳಿತು ಬಟ್ಟಲಿಗೆ ನೀರು ಹಾಕಿ ಬೆರಳಿನಿಂದ ಸವರುತ್ತಿದ್ದಾರೆ. ಕುಡಿದು, ಬಟ್ಟಲನ್ನು ಬೋರಲು ಹಿಡಿದು ನನಗೆ ತೋರಿಸುತ್ತಾರೆ, ಶಾಲೆಯಲ್ಲಿ ಬರೆದ ಪಾಟಿ ತೋರಿಸುವ ಮಕ್ಕಳ ಹಾಗೆ. ನಾನು ಪೆನ್ನು ಕೆಳಗಿಟ್ಟು ಕೇಳುತ್ತೇನೆ.

"ಇನ್ನೊಂಚೂರು ಹಾಕಲೇನ್ರಿ ಅತ್ತಿ?"

ಅವರು ನಾಲ್ಕು ಬೆರಳು ಬಾಗಿಸಿ ಅಂಗೈಯ ಗುಳಿ ತೋರಿಸುತ್ತಾರೆ.