ಗುಳ್ಳೆ ಏಳದ ಚರ್ಮ

ಸುಂಟಿಕೊಪ್ಪದ ಗೊಬ್ಬರದಂಗಡಿ ಚನ್ನಮಲ್ಲಪ್ಪನವರು ಕಾಫಿ ತೋಟಕ್ಕೆ ಹೊಡೆಯುವ ಕಳೆ ಔಷಧಿ ಮಾರುತ್ತಾರೆ, ಆದರೆ ಬಾಯಿ ತೆರೆದರೆ ಬರುವುದು ಚರ್ಮದ ಮಾತು. ಕಂಪನಿಯವರು ಯಂತ್ರದಲ್ಲಿ ಜೀವಕೋಶಗಳನ್ನು ಪದರ ಪದರವಾಗಿ ಅಚ್ಚುಹಾಕಿ ಮನುಷ್ಯನ ಚರ್ಮ ಬೆಳೆಸಿ, ಅದರ ಮೇಲೆ ಔಷಧಿ ಪರೀಕ್ಷಿಸಿದ ವಿಡಿಯೊವನ್ನು ಬಂದವರಿಗೆಲ್ಲ ಪ್ರಸಾದ ಹಂಚಿದಂತೆ ತೋರಿಸುತ್ತಾರೆ. "ಒಂದ್ ಗುಳ್ಳೆ ಎದ್ದಿಲ್ಲ, ನೋಡ್ರಿ!" ಎನ್ನುತ್ತಲೇ ದೊಡ್ಡ ಕ್ಯಾನಿನಿಂದ ಹಳೇ ನೀರಿನ ಬಾಟಲಿಗೆ ಬರಿಗೈಯಲ್ಲಿ ಸುರಿದು ಕೊಡುತ್ತಾರೆ, ಎಚ್ಚರಿಕೆಯ ಚೀಟಿ, ಕೈಗವಸು ಎರಡೂ ಅಂಗಡಿಯಲ್ಲೇ ಉಳಿಯುತ್ತವೆ. ಮೊನ್ನೆ ತೋಟಕ್ಕೆ ಔಷಧಿ ಒಯ್ಯಲು ಬಂದ ಕೂಲಿಯವರ ಲೈನ್‌ಮನೆಯ ಸಣ್ಣಿ, ಬೆಂದಂತಾದ ತನ್ನ ಅಂಗೈ ತೋರಿಸಿದಳು. "ಕಂಪನಿ ಚರ್ಮಕ್ಕೆ ಏನೂ ಆಗ್ಲಿಲ್ಲ. ನಿನ್ ಚರ್ಮಾನೇ ಸರಿ ಇಲ್ಲ ಕಣವ್ವ," ಎಂದರು ಚನ್ನಮಲ್ಲಪ್ಪನವರು. "ಹಂಗಾರೆ ಆ ಚರ್ಮನೇ ಕಳ್ಸಿ ಅಣ್ಣ, ನಾಳೆ ನನ್ ಬದ್ಲು ಅದೇ ಹೊಡೀಲಿ," ಎಂದಳು ಸಣ್ಣಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗೊಬ್ಬರ ಕೊಳ್ಳಲು ನಿಂತಿದ್ದ ನನಗೆ ಮೈ ಉರಿಯಿತು. ಇವರ ಹೆಂಡತಿ ಸುಮಿತ್ರಮ್ಮ ಪ್ರತಿ ತಿಂಗಳೂ ಒಬ್ಬರೇ ರೇಷನ್ ಸಾಲಿನಲ್ಲಿ ನಿಲ್ಲುವುದು ಯಾಕೆಂದು ಊರಿಗೆಲ್ಲ ಗೊತ್ತು: ಚನ್ನಮಲ್ಲಪ್ಪನವರ ಬೆರಳುಗಳು ಸುಲಿದು ಸುಲಿದು ನುಣ್ಣಗಾಗಿವೆ, ಅಲ್ಲಿನ ಬೆರಳಚ್ಚಿನ ಯಂತ್ರ ಅವುಗಳಲ್ಲಿ ಒಂದನ್ನೂ ಗುರುತಿಸುವುದಿಲ್ಲ. ಅದೇ ಬೆರಳುಗಳಿಂದ ಅವರು ಸಣ್ಣಿಗೆ ಇನ್ನೊಂದು ಬಾಟಲಿ ತುಂಬಿಸಿ ಕೊಟ್ಟರು.