ಟಿವಿಯೊಳಗಿನ ತುಳಸಿ ಎಲೆ

ನಿಮ್ಮ ಮನೆಯಲ್ಲೂ ಹೀಗಾಗಿತ್ತೇ? ರಿಪೇರಿ ಮಾಡಿಸಿ ತಂದ ರೇಡಿಯೋನೋ ಟಿವಿಯೋ ಹದಿನೈದು ದಿನ ಚೆಂದ ನಡೆದು, ಮತ್ತೆ ಸತ್ತು, ಮನೆಮಂದಿಯೆಲ್ಲ ಸೇರಿ ರಿಪೇರಿಯವನನ್ನು ಬಾಯಿಗೆ ಬಂದಂತೆ ಬೈದದ್ದು? ನಮ್ಮ ಮನೆಯಲ್ಲಿ ಆಗಿತ್ತು. ಒಂದಲ್ಲ, ಎರಡು ಸಲ. ಬೈಸಿಕೊಂಡ ಮನುಷ್ಯನ ಬಗ್ಗೆ ಇವತ್ತು ಬರೆಯುತ್ತೇನೆ. ಬರೆಯಲಿಕ್ಕೆ ಮೂವತ್ತೈದು ವರ್ಷ ತಗೊಂಡೆ, ಅದಕ್ಕೂ ನೀವು ಬೈಯಬಹುದು.

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬೆಸುಗೆ ಹಾಕುವ ಬಿಸಿ ಕಡ್ಡಿ ಎಷ್ಟು ಸಲ ತಾಕಿತ್ತೋ ಏನೋ, ಆ ತುದಿ ಹುಣಸೆ ಬೀಜದಂತೆ ಕಂದಾಗಿ, ನುಣ್ಣಗೆ ಹೊಳೆಯುತ್ತಿತ್ತು. ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಆ ಬೆರಳನ್ನು ಟಿವಿಯ ಬೋರ್ಡಿನ ಮೇಲೆ ಇಡುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. "ಇಲ್ಲಿ ಸುಡಾಕತ್ತೈತಿ ನೋಡು" ಅನ್ನುತ್ತಿದ್ದರು. ಮೀಟರ್ ಹಚ್ಚಿ ನೋಡಿದರೆ ಅಲ್ಲೇ ಇರುತ್ತಿತ್ತು ತೊಂದರೆ.

ಊರು ಹಾನಗಲ್ ತಾಲೂಕಿನದು. ಅಕ್ಕಿಆಲೂರಿನ ಸಂತೆಗೆ ನಡೆದುಕೊಂಡೇ ಹೋಗುವಷ್ಟು ಹತ್ತಿರ. ಹೆಸರು ಬೇಡ, ಓದಿದವರಿಗೆ ಗೊತ್ತಾಗುತ್ತದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರೆಲ್ಲ ಅವರನ್ನು "ರೇಡಿಯೋದಾಂವ" ಅನ್ನುತ್ತಿತ್ತು. ನಾನು ಕಾಕಾ ಅನ್ನುತ್ತಿದ್ದೆ. ಅದೂ ಅವರ ಮನೆಯೊಳಗೆ ಮಾತ್ರ. ಬಜಾರಿನಲ್ಲಿ ಎದುರಾದರೆ ಏನೂ ಕರೆಯದೆ, ಗೋಣು ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ. ಯಾಕೆಂದರೆ ಅವರದು ಕೇರಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ನಮ್ಮದು ಮಡಿ-ಮೈಲಿಗೆಯ ವೈಷ್ಣವರ ಮನೆ. ಅಜ್ಜ ಪುರಾಣ ಹೇಳುತ್ತಿದ್ದ, ಅಪ್ಪ ಹೈಸ್ಕೂಲ್ ಮಾಸ್ತರ. ನಾನು ಇಪ್ಪತ್ತರ ವಯಸ್ಸಿನವ, ಬಿಎಸ್ಸಿ ಫೇಲಾಗಿ ಮನೆಯಲ್ಲಿ ಬಿದ್ದಿದ್ದೆ.

ಕಾಕಾ ಮುಂಬಯಿಯ ಒಂದು ರೇಡಿಯೋ ಅಂಗಡಿಯಲ್ಲಿ ಹನ್ನೆರಡು ವರ್ಷ ದುಡಿದು, ಅವ್ವನಿಗೆ ಲಕ್ವಾ ಹೊಡೆಯಿತೆಂದು ಊರಿಗೆ ವಾಪಸ್ ಬಂದವರು. ಪಡಸಾಲೆಯ ಕಿಟಕಿಗೆ ಒಂದು ಮೇಜು, ಅದರ ಮೇಲೆ ಮೀಟರು, ಭೂತಕನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್ಷುಗಳು, ಸ್ಪಿರಿಟ್ ಬಾಟಲಿ. ಸುತ್ತ ಹತ್ತಾರು ಹಳ್ಳಿಗೆ ಟಿವಿ ಬಿಚ್ಚಿ ಜೋಡಿಸಬಲ್ಲವರು ಅವರೊಬ್ಬರೇ. ಬೇರೆ ಕಡೆ ಟಿವಿ ಮೆಕ್ಯಾನಿಕ್ ಮನೆಗೆ ಬರುತ್ತಾನೆ. ನಮ್ಮ ಓಣಿಯಲ್ಲಿ ಟಿವಿಯೇ ಮೆಕ್ಯಾನಿಕ್ಕಿನ ಮನೆಗೆ ಹೋಗುತ್ತಿತ್ತು. ಅವರು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲವಲ್ಲ! ಆ ಭಾರದ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ, ಕೈಗಾಡಿಯಲ್ಲಿ ಮಲಗಿಸಿ, ನಮ್ಮದಿರಲಿ ಓಣಿಯವರದಿರಲಿ, ಕಲ್ಲು ತೆಗ್ಗು ದಾಟಿಸುತ್ತ ನಾನೇ ತಳ್ಳಿಕೊಂಡು ಹೋಗುತ್ತಿದ್ದೆ. ಕಾಕಾ ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಏ ತಮ್ಮಾ, ಸಾವಕಾಶ. ಕೆಟ್ಟದ್ದು ಒಂದ ಇದ್ರ, ದಾರ್‍ಯಾಗ ಇನ್ನೆರಡು ಕೆಡಸಿ ತರ್ತಿ ನೀ."

ಅಜ್ಜಿಯದು ಒಂದೇ ಆಜ್ಞೆ: "ಅಲ್ಲಿ ಬಿಟ್ಟು ಬರಬ್ಯಾಡ. ಕೂತು ಮುಗಿಸಿಕೊಂಡೇ ತಗೊಂಡು ಬಾ. ಅಲ್ಲಿ ಏನೂ ಬಾಯಿಗೆ ಹಾಕ್ಕೋಬ್ಯಾಡ." ಹಾಗಾಗಿ ಮುಂಜಾನೆಯಿಂದ ಸಂಜೆಯವರೆಗೆ ನಾನು ಆ ಮೇಜಿನ ಎದುರು ಕುಳಿತಿರುತ್ತಿದ್ದೆ. ಕಾಕು, ಅಂದರೆ ಅವರ ಹೆಂಡತಿ, ಪ್ರತಿ ಸಲ ಕೇಳುತ್ತಿದ್ದರು, "ಒಂದೀಟು ಚಾ ಮಾಡ್ಲ್ಯಾ?" ಪ್ರತಿ ಸಲ ನಾನು, "ಈಗ ಕುಡದು ಬಂದೇನ್ರಿ" ಅನ್ನುತ್ತಿದ್ದೆ. ಮುಂಜಾನೆ ಒಂಬತ್ತಕ್ಕೂ ಅದೇ ಉತ್ತರ, ಮಧ್ಯಾಹ್ನ ನಾಲ್ಕಕ್ಕೂ ಅದೇ ಉತ್ತರ. ಒಂದು ಸಲ ಕಾಕಾ ಬೋರ್ಡಿನಿಂದ ತಲೆ ಎತ್ತದೆ ಅಂದರು, "ಬಿಡ, ಅವ ಒಂಟೆ ಅದಾನ. ಒಮ್ಮೆ ಕುಡದ್ರ ಎಂಟ್ ದಿನ ನಡೀತೈತಿ." ಕಾಕು ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ನಾನೂ ನಕ್ಕೆ. ಆದರೂ ಕುಡಿಯಲಿಲ್ಲ.

ಅವರ ಕೆಲಸಕ್ಕೆ ಒಂದು ಕ್ರಮ ಇತ್ತು. ಹಿಂದಿನ ಮುಚ್ಚಳ ಬಿಚ್ಚಿದ ಮೇಲೆ ಕಾಲು ತಾಸು ಏನನ್ನೂ ಮುಟ್ಟುತ್ತಿರಲಿಲ್ಲ. ಬರೀ ನೋಡುವುದು. ನನಗೆ ತಡೆಯಲಾಗುತ್ತಿರಲಿಲ್ಲ. "ಮೀಟರ್ ಹಚ್ರಲಾ ಕಾಕಾ" ಅಂದರೆ, "ಮೊದಲ ಕಣ್ಣು, ಆಮ್ಯಾಲ ಮೂಗು, ಕಡೀಕ ಮೀಟರು. ಸತ್ತದ್ದು ಯಾಕ ಸತ್ತಿತು ಅಂತ ತಿಳೀದ ಎಬ್ಬಿಸಿದ್ರ ಮತ್ತ ಸಾಯ್ತೈತಿ" ಅನ್ನುತ್ತಿದ್ದರು. ಆಮೇಲೆ ನಿಜವಾಗಿಯೂ ಬಗ್ಗಿ ಬೋರ್ಡನ್ನು ಮೂಸುತ್ತಿದ್ದರು, ನಮ್ಮ ಅವ್ವ ಹುಳಿ ಹಳಸಿದೆಯೋ ಎಂದು ಮೂಸುವ ಹಾಗೆ.

ನಮ್ಮ ಟಿವಿ ಮೊದಲ ಸಲ ಸತ್ತಾಗ ಧ್ವನಿ ಇತ್ತು, ಚಿತ್ರ ಇರಲಿಲ್ಲ. ಅವರು ಒಂದು ಕಂಡೆನ್ಸರ್ ಬದಲಿಸಿದರು, ಚಿತ್ರ ಬಂತು. ಹದಿನೈದು ದಿನಕ್ಕೆ ಮತ್ತೆ ಹೋಯಿತು. ಎರಡನೇ ಸಲ ಚಿತ್ರ ಕುಗ್ಗಿ ಒಂದು ಬಿಳಿ ಗೆರೆಯಾಗಿತ್ತು. ಮತ್ತೆ ಏನೋ ಬದಲಿಸಿದರು, ಸರಿಯಾಯಿತು. ತಿಂಗಳೊಳಗೆ ಮತ್ತೆ ಹೋಯಿತು. ಅಪ್ಪ ಓಣಿಯ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳಿದ, "ಅಂವ ಬೇಕಂತ ಒಂದು ತಂತಿ ಸಡಲ ಬಿಡ್ತಾನ. ಮತ್ತ ನಾವು ಅವನ ಕಡೇನ ಹೋಗಬೇಕಲ್ಲ!" ಓಣಿಯ ಇನ್ನೆರಡು ಮನೆಯವರು ತಮ್ಮ ರೇಡಿಯೋದ ಕಥೆಯೂ ಹಾಗೇ ಅಂದರು. ಮಾತು ಒಂದು ವಾರದಲ್ಲಿ ಊರೆಲ್ಲ ಸುತ್ತಿತು.

ಮೂರನೇ ಸಲ ಗಾಡಿ ತಳ್ಳಿಕೊಂಡು ಹೋದಾಗ ಕಾಕಾ ನಗಲಿಲ್ಲ. ಮುಚ್ಚಳ ತೆಗೆದರು. ಕಾಲು ತಾಸಲ್ಲ, ಅರ್ಧ ತಾಸು ನೋಡಿದರು. ಆಮೇಲೆ ಭೂತಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಗಾಳಿ ಆಡಲೆಂದು ಮುಚ್ಚಳದ ಮೇಲ್ಭಾಗದಲ್ಲಿ ಸೀಳುಗಳಿರುತ್ತವಲ್ಲ, ಸರಿಯಾಗಿ ಅವುಗಳ ಕೆಳಗೆ ಬೋರ್ಡಿನ ತಾಮ್ರದ ಗೆರೆಗಳು ಹಸಿರು ಹಿಡಿದಿದ್ದವು. ತೊಳೆಯದ ತಾಮ್ರದ ತಂಬಿಗೆ ಕಿಲುಬು ಹಿಡಿದ ಹಾಗೆ. ಅವರು ಚಿಮಟಿಗೆಯಿಂದ ಒಂದು ಕಂಡೆನ್ಸರಿನ ಸಂದಿಯಲ್ಲಿ ಸಿಕ್ಕಿದ್ದ ಏನನ್ನೋ ಎಳೆದು ಹಳೆಯ ಪೇಪರಿನ ಮೇಲೆ ಇಟ್ಟರು. ಒಣಗಿ ಕಪ್ಪಾದ ತುಳಸಿ ಎಲೆ.

"ಇದು ಮುಂಬಯಿ ಮಾಲಲ್ಲ ತಮ್ಮಾ" ಅಂದರು.

ನನಗೆ ಗೊತ್ತಿತ್ತು. ಪ್ರತಿ ಸಲ ಟಿವಿ ವಾಪಸ್ ಬಂದಾಗ ಅಜ್ಜಿ ಅದನ್ನು ಹೊರಗಿನ ಕಟ್ಟೆಯ ಮೇಲೇ ಇರಿಸುತ್ತಿದ್ದಳು. ಗೋಮೂತ್ರ ಬೆರೆಸಿದ ನೀರಿನ ತಂಬಿಗೆ ತಂದು, ತುಳಸಿ ದಳದಿಂದ ಮೂರು ಸುತ್ತು ಪ್ರೋಕ್ಷಣೆ ಮಾಡಿದ ಮೇಲೇ ಒಳಗೆ. "ರವಿವಾರ ಇದರಾಗ ದೇವರು ಬರ್ತಾನೋ ಇಲ್ಲೋ? ಹಂಗ ಹ್ಯಾಂಗ ಒಳಗ ತರಲಿಕ್ಕೆ ಬರ್ತದ?" ಅನ್ನುತ್ತಿದ್ದಳು. ಓಣಿಯ ಆ ಎರಡು ಮನೆಗಳಲ್ಲೂ ಇದೇ ಶಾಸ್ತ್ರ. ಒದ್ದೆ ಪೆಟ್ಟಿಗೆಗೆ ನಾವು ಕೂಡಲೇ ಕರೆಂಟು ಹಚ್ಚುತ್ತಿದ್ದೆವು. ಸುಡದೆ ಉಳಿದದ್ದನ್ನು ಆ ಗೋಮೂತ್ರದ ಉಪ್ಪು ನೀರು ನಿಧಾನವಾಗಿ ತಿನ್ನುತ್ತಿತ್ತು.

"ಅಜ್ಜಿ… ನೀರು ಹಾಕ್ತಾಳ್ರಿ" ಅಂದೆ.

"ಯಾವ ನೀರು?"

ಹೇಳಿದೆ. ಕಾಕಾ ಹಲ್ಲಿನ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಸಿರನ್ನು ತಿಕ್ಕತೊಡಗಿದರು. ಬಾಗಿಲಲ್ಲಿ ನಿಂತಿದ್ದ ಕಾಕು ಅಂದರು, "ಆ ಡಬ್ಬೀನ ಎತ್ತಿ ಅಂಗಳಕ್ಕ ಒಗೀರಿ ಅತ್ಲಾಗ."

"ಡಬ್ಬಿ ಏನ್ ಮಾಡೇತಿ?" ಅಂದರು ಕಾಕಾ.

ತಿಂದುಹೋದ ಗೆರೆಗಳ ಜಾಗದಲ್ಲಿ ತೆಳು ತಂತಿ ಕೂರಿಸಿದರು. ಆಮೇಲೆ ತಮ್ಮ ಅವ್ವನ ಹಳೆಯ ಎಕ್ಸ್‌ರೇ ಹಾಳೆ ಹುಡುಕಿ ತಂದು, ಕತ್ತರಿಸಿ, ಸೀಳುಗಳ ಕೆಳಗೆ ಎರಡು ಬೆರಳು ಅಂತರ ಬಿಟ್ಟು, ಇಳಿಜಾರಾಗಿ ಕಟ್ಟಿದರು. ಗಾಳಿ ಆಡಬೇಕು, ನೀರು ಬಿದ್ದರೆ ಹಿಂದಕ್ಕೆ ಹರಿದು ಹೊರಗೆ ಹೋಗಬೇಕು. ಮುಗಿದ ಮೇಲೆ ತಾವೇ ಒಂದು ತಂಬಿಗೆ ನೀರು ಚಿಮುಕಿಸಿ ಪರೀಕ್ಷೆ ಮಾಡಿದರು. ಒಂದು ಹನಿಯೂ ಬೋರ್ಡಿಗೆ ಬೀಳಲಿಲ್ಲ.

"ನೋಡಪಾ, ನನ್ನ ಮೈಲಿಗಿ ತೊಳ್ಯಾಕ ಹಾಕೂ ನೀರಿಗೆ ನಾನ ಛತ್ರಿ ಮಾಡಿ ಕೊಟ್ಟೇನಿ. ಹಿಂಥಾ ಕೆಲಸ ಮುಂಬಯಿದಾಗೂ ಮಾಡಿದ್ದಿಲ್ಲ" ಅಂದರು. ನಗುತ್ತಿದ್ದರು. ಆ ನಗು ನನಗೆ ಈಗಲೂ ಸಹಿಸಲಾಗುವುದಿಲ್ಲ. ಆ ಟಿವಿ ಮುಂದೆ ಆರು ವರ್ಷ ನಡೆಯಿತು. ಅಜ್ಜಿ ತನ್ನ ಪ್ರೋಕ್ಷಣೆಯ ಪುಣ್ಯ ಅಂದುಕೊಂಡೇ ಸತ್ತಳು.

ಆ ಮೂರನೇ ರಿಪೇರಿಯ ಹೊತ್ತಿಗೇ ಪಂಚಾಯತಿಯವರು ಬಸ್ ನಿಲ್ಲುವ ಜಾಗದಲ್ಲಿ ಸಾಲಾಗಿ ಮಳಿಗೆ ಕಟ್ಟಿಸಿದ್ದರು. ಒಂದಕ್ಕೆ ಕಾಕಾ ಅರ್ಜಿ ಹಾಕಿದ್ದರು. ಅದೊಂದು ಸಿಕ್ಕರೆ ಸಾಕು ಅನ್ನುತ್ತಿದ್ದರು. ದುಡಿಮೆ ಹೆಚ್ಚಾಗಲಿ ಅಂತಲ್ಲ. "ಇಲ್ಲಿ ಮಂದಿ ಸೆಟ್ ಕಳಸ್ತಾರ, ತಾವು ಬರೂದಿಲ್ಲ. ಅಲ್ಲಿ ಕುಂತ್ರ ತಾವ ಬರಬೇಕಾಕ್ಕೈತಿ. ನನ್ನ ಮುಖಾ ನೋಡಿ, ಏನಾಗೇತಿ ಅಂತ ಬಾಯಿಲೆ ಹೇಳಬೇಕಾಕ್ಕೈತಿ." ಇಷ್ಟೇ ಅವರಿಗೆ ಬೇಕಾಗಿದ್ದದ್ದು.

ಮಳಿಗೆ ಹಂಚುವ ದಿನ ಪಂಚಾಯತಿ ಅಂಗಳದಲ್ಲಿ ಜನ ಸೇರಿತ್ತು. ಕಾಕಾನ ಅರ್ಜಿ ಬಂದಾಗ ನಮ್ಮ ಓಣಿಯವನೊಬ್ಬ ಎದ್ದ. "ಇವನ ರಿಪೇರಿ ನಿಲ್ಲೂದಿಲ್ರಿ. ಬೇಕಂತ ಕೆಡಸ್ತಾನ. ಮಾಸ್ತರ ಮನೀ ಟಿವಿ ಮೂರ್ ಸಲ ಹೋಗೇದ, ಕೇಳ್ರಿ." ಮುಂದಿನ ಬೆಂಚಿನ ಮೇಲಿದ್ದ ಅಪ್ಪ ತಲೆ ಅಲ್ಲಾಡಿಸಿ ಹೌದೆಂದ. ಚೇರ್ಮನ್ನರು ಕಾಕಾನ ಕಡೆ ತಿರುಗಿದರು.

"ಏನಪಾ, ಏನ್ ಹೇಳ್ತಿ?"

ಕಾಕಾ ಗೋಮೂತ್ರದ ಮಾತು ಎತ್ತಲಿಲ್ಲ. ಅವರ ಬಾಯಿಂದ ಅದು ಬಂದಿದ್ದರೆ ಅಲ್ಲಿ ಏನಾಗುತ್ತಿತ್ತು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಿಂದೆ ನಿಂತಿದ್ದ ನನ್ನನ್ನು ತೋರಿಸಿದರು. "ಮೂರೂ ಸಲ ಸೆಟ್ ತಂದಾಂವ ಇವ. ಎದುರಿಗೆ ಕುಂತು ನೋಡ್ಯಾನ. ತಪ್ಪು ನಂದು ಏನರ ಇತ್ತಾ, ಇವನ್ನ ಕೇಳ್ರಿ. ಇವ ಹೂಂ ಅಂದ್ರ ನನಗ ಮಳಗಿ ಬ್ಯಾಡ."

ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪನೂ ತಿರುಗಿ ನೋಡಿದ. ಒಂದು ವಾಕ್ಯ ಸಾಕಿತ್ತು, ಸ್ನೇಹಿತರೇ. "ನಮ್ಮ ಅಜ್ಜಿ ನೀರು ಹಾಕಿದ್ದಕ್ಕೆ ಕೆಟ್ಟಿತು." ನಾಲಿಗೆಯ ತುದಿಗೆ ಬಂದಿತ್ತು. ಯಾರೂ ನನ್ನ ಬಾಯಿ ಮುಚ್ಚಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಅಂಗಳದ ತುಂಬ ಜನ ನಕ್ಕಾರು, ಅಪ್ಪ ಮನೆಯಲ್ಲಿ ಮಾತು ಬಿಟ್ಟಾನು, ಇಷ್ಟೇ ಭಯ.

"ನನಗ ಅಷ್ಟು ತಿಳಿಯೂದಿಲ್ರಿ" ಅಂದೆ.

ಮಳಿಗೆ ಬೇರೆ ಯಾರಿಗೋ ಹೋಯಿತು. ಸೈಕಲ್ ಅಂಗಡಿ ಬಂತು.

ನಾಲ್ಕು ದಿನ ಬಿಟ್ಟು ಕೇರಿಗೆ ಹೋದೆ. ಗಾಡಿ ಇಲ್ಲದೆ, ಟಿವಿ ಇಲ್ಲದೆ, ಮೊದಲ ಸಲ. ಕಾಕಾ ಬಾಗಿಲಿಗೆ ಬಂದು ಚೌಕಟ್ಟಿಗೆ ಕೈ ಇಟ್ಟು ನಿಂತರು.

"ಯಾಕ್ರಿ, ಏನ್ ಕೆಲಸ ಇತ್ರಿ?"

ನನಗೆ ರಿ ಹಚ್ಚಿ ಮಾತಾಡಿಸಿದರು. ತಮ್ಮಾ ಅನ್ನುತ್ತಿದ್ದ ಬಾಯಿ. ನಾನು ಹೇಳಿದೆ, "ಕಾಕಾ, ಚಾ ಕುಡೀಲಿಕ್ಕೆ ಬಂದೇನ್ರಿ."

"ಚಾಪುಡಿ ತೀರೇತ್ರಿ" ಅಂದರು. ಒಳಗೆ ಒಲೆಯ ಮೇಲೆ ಚಹಾ ಕುದಿಯುವ ವಾಸನೆ ಬರುತ್ತಿತ್ತು.

ಆ ವರ್ಷವೇ ಕಾಕಾನ ಅವ್ವ ತೀರಿಕೊಂಡ ಮೇಲೆ ಅವರು ಹೆಂಡತಿಯನ್ನು ಕರೆದುಕೊಂಡು ಬೀಗರ ಊರಾದ ಹತ್ತಿಮತ್ತೂರಿಗೆ ಹೋದರು. ಸವಣೂರು ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ರೇಡಿಯೋ, ಬ್ಯಾಟರಿ ರಿಪೇರಿ ಮಾಡುತ್ತ ಕೂರುತ್ತಾರೆಂದು ಯಾರೋ ಹೇಳಿದರು. ನಾನು ಎರಡು ಸಲ ಆ ಸಂತೆಗೆ ಹೋಗಿದ್ದೇನೆ. ಎರಡು ಸಲವೂ ದೂರದಿಂದ ಆ ಬಗ್ಗಿದ ಬೆನ್ನು ನೋಡಿ, ಬಾಳೆಹಣ್ಣಿನ ಅಂಗಡಿಯ ಹಿಂದಿನಿಂದ ತಿರುಗಿ ಬಂದಿದ್ದೇನೆ. ಮೂರನೇ ಸಲ ಹೋದಾಗ ಆ ಜಾಗದಲ್ಲಿ ಒಬ್ಬಾಕೆ ಮೆಣಸಿನಕಾಯಿ ಮಾರುತ್ತಿದ್ದಳು. ಕೇಳಿದೆ. "ರೇಡಿಯೋದ ಅಣ್ಣಾ? ಹೋಗಿಬಿಟ್ರಲ್ರಿ ಅವ್ರು, ಯುಗಾದಿ ಮುಂದ. ಎದಿ ನೋವಂತ" ಅಂದಳು. ಸತ್ತು ಐದು ತಿಂಗಳಾಗಿತ್ತು.

ಈಗ ನಾನು ಶಿಗ್ಗಾಂವಿಯಲ್ಲಿದ್ದೇನೆ. ಮನೆಯ ಹಿಂದಿನ ಕೋಣೆಯಲ್ಲಿ ಸತ್ತ ಕಂಪ್ಯೂಟರುಗಳ ಗ್ರಾಫಿಕ್ಸ್ ಕಾರ್ಡು ರಿಪೇರಿ ಮಾಡುತ್ತೇನೆ. ಹಿರೇಕೆರೂರಿನಿಂದಲೂ ಹುಡುಗರು ತರುತ್ತಾರೆ. ಕೂತು ಬರೀ ನೋಡುತ್ತಿದ್ದರೆ ಅವಸರ ಮಾಡುತ್ತಾರೆ, ನಾನು ಕಾಲು ತಾಸು ಏನನ್ನೂ ಮುಟ್ಟುವುದಿಲ್ಲ. "ಯಾರ ಹತ್ರ ಕಲಿತ್ರಿ ಅಂಕಲ್?" ಅಂತ ಅವರು ಕೇಳಿದಾಗಲೆಲ್ಲ ಇಷ್ಟು ವರ್ಷ, "ಹಂಗ, ನನ್ನಷ್ಟಕ್ಕ ಕಲ್ತೆ" ಅಂದಿದ್ದೇನೆ. ಪಂಚಾಯತಿ ಅಂಗಳದಲ್ಲಿ ಒಂದು ಸಲ ಹೇಳಿದ ಸುಳ್ಳನ್ನು ಈ ಕೋಣೆಯಲ್ಲಿ ಕುಳಿತು ನೂರು ಸಲ ಹೇಳಿದ್ದೇನೆ. ಹೊಟ್ಟೆ ತುಂಬಿಸಿದವರ ಗುರುತು ಹೇಳಲಿಕ್ಕೆ ಅಪ್ಪನೂ ಅಡ್ಡ ಇರಲಿಲ್ಲ, ಅವನು ತೀರಿಕೊಂಡೇ ಎಷ್ಟೋ ವರ್ಷವಾಯಿತು.

ಇವತ್ತು ಹೇಳಿದೆ. ಇದರಿಂದ ಕಾಕಾನಿಗೆ ಮಳಿಗೆಯೇನೂ ಸಿಗುವುದಿಲ್ಲ, ಗೊತ್ತು. ದಯವಿಟ್ಟು ಕೆಳಗೆ "ದೊಡ್ಡ ಮನಸ್ಸು ಸರ್", "ಕಣ್ಣೀರು ಬಂತು ಸರ್" ಅಂತೆಲ್ಲ ಬರೆಯಬೇಡಿ, ಅಳಿಸಿ ಹಾಕುತ್ತೇನೆ. ಬರೆಯುವುದಿದ್ದರೆ ನಿಮ್ಮ ಮನೆಯದ್ದು ಬರೆಯಿರಿ. ಯಾರು ಮುಟ್ಟಿಕೊಟ್ಟ ಯಾವ ವಸ್ತುವಿಗೆ ನಿಮ್ಮ ಕಟ್ಟೆಯ ಮೇಲೆ ನೀರು ಬಿದ್ದಿತ್ತು? ಆಗ ನೀವು ಎಲ್ಲಿ ನಿಂತಿದ್ದಿರಿ? "ನಮ್ಮಲ್ಲಿ ಅಂಥದ್ದೆಲ್ಲ ಇರಲಿಲ್ಲ" ಅನ್ನುವವರು ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರನ್ನು ಕೇಳಿ ಬನ್ನಿ, ಆಮೇಲೆ ಬರೆಯಿರಿ.