ಖಾದರ್ ಬಾಷಾ ಬೇಡವೆಂದ ಕುರ್ಚಿ

ಮಸೀದಿಯ ಸಾಲಿನ ತುದಿಯಲ್ಲಿಟ್ಟಿದ್ದ ಸ್ಟೀಲ್ ಕುರ್ಚಿಯ ಬೆನ್ನ ಮೇಲೆ ಕಪ್ಪು ಪೇಂಟಿನಲ್ಲಿ ತಮ್ಮದೇ ಹೆಸರು ನೋಡಿದ ದಿನ, ಖಾದರ್ ಬಾಷಾ ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೂ ಮೊದಲೇ ಮಗನ ಮೇಲೆ ಹರಿಹಾಯ್ದರು.

"ಕುರ್ಚಿ ಕೊಡು ಅಂತ ಯಾರೋ ಕೇಳಿದ್ದು ನಿನ್ನ?"

"ಅಬ್ಬಾ, ಅಲ್ಲಿರೋ ಪ್ಲಾಸ್ಟಿಕ್ ಕುರ್ಚಿ ಎಲ್ಲಾ ಅಲ್ಲಾಡ್ತವೆ. ನಿಮಗೇ ಅಂತ ಗಟ್ಟಿಯಾಗಿರೋದು ತಂದೆ. ಬೇರೆಯವರು ಕೂತ್ಕೋಬಾರ್ದಲ್ಲ, ಅದಕ್ಕೇ ಹೆಸರು ಬರೆಸ್ದೆ," ಎಂದ ನಾಸಿರ್.

"ಹೆಸರು ಬರೆಸೋದು ಗೋರಿ ಮೇಲೆ ಕಣೋ! ಅಷ್ಟು ಅವಸರ ಇತ್ತಾ?"

ಅಡುಗೆಮನೆಯಿಂದ ಹೆಂಡತಿ ಸಬೀರಾ ಕೂಗಿದರು: "ಗುಸ್ಸಾ ನಕ್ಕೋ ಜೀ! ಬಿಪಿ, ಬಿಪಿ!"

ಬಾಗಲಗುಂಟೆಯ ಆ ಮನೆಯಲ್ಲಿ ಸಿಟ್ಟಾಗಬೇಡಿ ಎನ್ನುವ ಈ ಮಾತು ಗೋಡೆ ಗಡಿಯಾರದ ಸದ್ದಿನ ಹಾಗೆ ನಿತ್ಯದ್ದಾಗಿತ್ತು. ಸಾರಿನಲ್ಲಿ ಉಪ್ಪಿಲ್ಲ ಎಂದರೆ ಬಿಪಿ. ಗೇಟಿಗೆ ಅಡ್ಡ ನಿಂತ ಟೆಂಪೋದವನನ್ನು ಗದರಿದರೆ ಬಿಪಿ. ಹೀಗೆ ಎಲ್ಲರೂ ಸೇರಿ ಸಮಾಧಾನ ಮಾಡಿ ಮಾಡಿಯೇ ತಮ್ಮ ರಕ್ತದೊತ್ತಡ ಏರಿಸುತ್ತಿದ್ದಾರೆ ಎಂಬುದು ಖಾದರ್ ಬಾಷಾರ ದೃಢವಾದ ಅಭಿಪ್ರಾಯ.

ಆದರೆ ಕುರ್ಚಿಯ ವಿಷಯ ಬೇರೆ. ಅವರಿಗೆ ನೆಲದ ಮೇಲೆ ನಮಾಜು ಮಾಡಬೇಕಿತ್ತು. ಹಣೆಯನ್ನು ಚಾಪೆಗೆ ಮುಟ್ಟಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲಬೇಕಿತ್ತು. ಕೆಳಗೆ ಹೋಗುವುದು ಹೇಗೋ ಆಗುತ್ತಿತ್ತು. ಏಳುವುದಕ್ಕೆ ಮಾತ್ರ ತೊಡೆಗಳು ಒಪ್ಪುತ್ತಿರಲಿಲ್ಲ.

ಒಂದು ಕಾಲಕ್ಕೆ ಇದೇ ತೊಡೆಗಳು ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಲಾರಿಯಿಂದ ಈರುಳ್ಳಿ ಮೂಟೆ ಇಳಿಸಿದ್ದವು. ಹಮಾಲಿಯಾಗಿ ಸೇರಿದ ಹುಡುಗನಿಗೆ ಹಳಬರು ಹೇಳಿಕೊಟ್ಟ ಮೊದಲ ಪಾಠ ದಮ್ ಹಿಡಿಯುವುದು: ಎದೆ ತುಂಬ ಗಾಳಿ ಎಳೆದುಕೋ, ಹಲ್ಲು ಕಚ್ಚು, ಎತ್ತು. ನಡುವೆ ಉಸಿರು ಬಿಟ್ಟರೆ ಸೊಂಟ ಹೋಗುತ್ತದೆ. ಆಮೇಲೆ ಅವರು ಸ್ವಂತ ಅಂಗಡಿ ಹಾಕಿದರು. ಎತ್ತುವವರು ಬೇರೆಯವರಾದರು, ಇವರು ಕುಳಿತರು. ಕೂತಲ್ಲೇ ತೊಡೆ ಸಣ್ಣದಾಯಿತು, ಹೊಟ್ಟೆ ದಪ್ಪಗಾಯಿತು, ರಕ್ತದೊತ್ತಡ ಬಂತು, ಮೊಣಕಾಲು ಸವೆಯಿತು. ಅಂಗಡಿಯನ್ನು ನಾಸಿರ್ ನೋಡಿಕೊಳ್ಳತೊಡಗಿದ ಮೇಲೆ ಮನೆಯಲ್ಲಿ ಕೂತರು.

ಬಿಪಿ ನೋಡುವ ಡಾಕ್ಟರು ನೇರವಾಗಿ ಹೇಳಿದರು: ತೊಡೆಗೆ ಬಲ ಬರಬೇಕು, ಆದರೆ ಭಾರ ಎತ್ತುವಂತಿಲ್ಲ. ಮೊಣಕಾಲು ತಡೆಯದು, ಬಿಪಿಯೂ ತಡೆಯದು.

"ಎತ್ತದೆ ಬಲ ಎಲ್ಲಿಂದ ಬರುತ್ತೆ ಸಾರ್? ಅಂಚೇಲಿ ಬರುತ್ತಾ?" ಎಂದು ಕೇಳಿದ್ದಕ್ಕೆ ಡಾಕ್ಟರು ಜಾಲಹಳ್ಳಿ ಕ್ರಾಸ್ ಹತ್ತಿರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟರು.

ಕ್ಲಿನಿಕ್ ಇದ್ದದ್ದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಕಡಿದಾದ ಮೆಟ್ಟಿಲು. ಕಂಬಿ ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದ ಖಾದರ್ ಬಾಷಾ ಬಾಗಿಲಲ್ಲೇ ಕೇಳಿದರು: "ಕಾಲಿಲ್ಲದೋರಿಗೆ ಮಹಡಿ ಮೇಲೆ ಆಸ್ಪತ್ರೆ ಇಟ್ಟ ಪುಣ್ಯಾತ್ಮ ಯಾರಮ್ಮಾ?"

"ನಾನಾ ರೀ ಚಾಚಾ. ಹತ್ತಿ ಬಂದೀರಲ್ಲ, ಅರ್ಧಾ ಆರಾಮ ಆದಂಗ," ಎಂದಳು ಫಿಸಿಯೋಥೆರಪಿಸ್ಟ್ ದಾಕ್ಷಾಯಣಿ. ಸಿಂದಗಿ ಕಡೆಯವಳು, ಬೆಂಗಳೂರಿಗೆ ಬಂದು ವರ್ಷಗಳಾದರೂ ಮಾತು ಊರಿನದೇ.

ಅವಳು ತೋರಿಸಿದ್ದು ಬಿಪಿ ನೋಡುವಾಗ ತೋಳಿಗೆ ಸುತ್ತುವಂಥದ್ದೇ ಒಂದು ಪಟ್ಟಿ, ಇನ್ನೂ ಅಗಲ. ಅದನ್ನು ತೊಡೆಯ ಮೇಲ್ಭಾಗಕ್ಕೆ ಸುತ್ತಿ ಗಾಳಿ ತುಂಬುತ್ತಾರೆ. ಕಾಲಿಗೆ ರಕ್ತ ಇಳಿಯುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಇಳಿದದ್ದು ವಾಪಸು ಹೋಗುವುದು ಇನ್ನೂ ನಿಧಾನ. ಆಗ ಪಾದಕ್ಕೆ ಕಟ್ಟಿದ ಚಿಕ್ಕ ಮರಳು ಚೀಲವೂ ಸ್ನಾಯುವಿಗೆ ದೊಡ್ಡ ಮೂಟೆಯಂತೆ ಅನಿಸುತ್ತದೆ. ಕೀಲಿನ ಮೇಲೆ ಮಾತ್ರ ಭಾರ ಬೀಳುವುದಿಲ್ಲ. ಪ್ರತಿಯೊಬ್ಬರ ಕಾಲಿಗೆ ಎಷ್ಟು ಗಾಳಿ ಎಂದು ಯಂತ್ರವಿಟ್ಟು ಅಳೆದೇ ತುಂಬಬೇಕು. ಬಿಪಿ ಇರುವವರಿಗೆ ಡಾಕ್ಟರ ಒಪ್ಪಿಗೆ ಬೇಕು, ಶುರುವಿಗೆ ಮುಂಚೆ ಮತ್ತು ನಡುನಡುವೆ ಒತ್ತಡ ನೋಡುತ್ತಿರಬೇಕು.

ಈ ನೋಡುತ್ತಿರುವುದೇ ಅವರ ಪ್ರಾಣ ತಿಂದಿತು. ಒಂದು ದಿನ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡು, ಆಟೋದವನ ಜತೆ ಜಗಳವಾಡಿ, ಮೆಟ್ಟಿಲು ಹತ್ತಿ ಬಂದರೆ ದಾಕ್ಷಾಯಣಿ ಬಿಪಿ ನೋಡಿದಳು. ಕೂರಿಸಿ, ನೀರು ಕೊಟ್ಟು, ಮತ್ತೆ ನೋಡಿದಳು. "ಇವತ್ತು ಬ್ಯಾಡ್ರಿ. ಮನಿಗೆ ಹೋಗ್ರಿ."

"ಬಿಪಿ ಇದೆ ಅಂತಾನೇ ಇಲ್ಲಿಗೆ ಕಳಿಸಿದ್ರು, ಬಿಪಿ ಇದೆ ಅಂತ ನೀನು ವಾಪಸ್ ಕಳಿಸ್ತೀಯಲ್ಲಮ್ಮಾ!"

"ಹೌದ್ರಿ. ಗುಳಿಗಿ ತಗೊಂಡೀರೋ ಇಲ್ಲೋ?"

ತಗೊಂಡಿರಲಿಲ್ಲ. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದರು.

ಅದಕ್ಕಿಂತ ದೊಡ್ಡ ತೊಡಕು ಉಸಿರಿನದು. ಪಟ್ಟಿ ಬಿಗಿಯಾಗಿ ಕಾಲು ಉರಿಯತೊಡಗಿದ ಕೂಡಲೇ ಹಮಾಲಿಯ ಹಳೆಯ ಅಭ್ಯಾಸ ಎದ್ದು ಬರುತ್ತಿತ್ತು. ಎದೆ ಉಬ್ಬುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿತ್ತು, ಯಂತ್ರದಲ್ಲಿ ಅಂಕಿ ಹಾರುತ್ತಿತ್ತು. ದಾಕ್ಷಾಯಣಿ ತಕ್ಷಣ ಗಾಳಿ ಬಿಟ್ಟುಬಿಡುತ್ತಿದ್ದಳು.

"ಉಸರ ಹಿಡೀಬ್ಯಾಡ್ರಿ ಚಾಚಾ."

"ಬಿಡ್ತಾನೇ ಇದೀನಲ್ಲ!"

"ಎಲ್ಲಿ ಬಿಡಾಕತ್ತೀರಿ? ಮಾರಿ ಕೆಂಪ ಮೆಣಸಿನಕಾಯಿ ಆಗೇತಿ."

ಜೋರಾಗಿ ಎಣಿಸಿ ಎಂದಳು. ಎಣಿಕೆ ಹತ್ತಕ್ಕೆ ಬರುವಷ್ಟರಲ್ಲಿ ಬಾಯಿ ಮುಚ್ಚಿ, ಅಂಕಿಗಳು ಹೊಟ್ಟೆಯೊಳಗೇ ಉಳಿಯುತ್ತಿದ್ದವು. ವಾರಗಳು ಹೀಗೇ ಕಳೆದವು. ಮಸೀದಿಯಲ್ಲಿ ಅವರು ಅದೇ ಕುರ್ಚಿಯ ಮೇಲೆ, ಬೆನ್ನಿಗೆ ತಮ್ಮ ಹೆಸರು ಅಂಟಿಸಿಕೊಂಡವರಂತೆ ಕೂರುತ್ತಿದ್ದರು.

ತಾಳ್ಮೆಗೆಟ್ಟು ಒಂದು ಮಧ್ಯಾಹ್ನ ಮನೆಯಲ್ಲೇ ಮಾಡಿ ಮುಗಿಸಲು ಹೊರಟರು. ಪಟ್ಟಿ ಇರಲಿಲ್ಲ, ಸುತಲಿ ದಾರ ಇತ್ತು. ಚೀಲದ ಬಾಯಿ ಕಟ್ಟುವ ಹಾಗೆ ತೊಡೆಗೆ ಎರಡು ಸುತ್ತು ಸುತ್ತಿ, ಯಾರ್ಡಿನ ಗಂಟು ಹಾಕಿದರು. ಮೂಟೆಯನ್ನು ಎಳೆದಾಡಿದಷ್ಟೂ ಇನ್ನಷ್ಟು ಬಿಗಿಯಾಗುವ ಗಂಟು ಅದು. ಸ್ವಲ್ಪ ಹೊತ್ತಿಗೆ ಕಾಲು ಜುಮ್ಮೆಂದಿತು, ಪಾದ ನೇರಳೆ ಬಣ್ಣಕ್ಕೆ ತಿರುಗಿತು. ಬಿಚ್ಚಲು ಹೋದರೆ ದಾರ ಮಾಂಸದೊಳಗೆ ಹೂತುಹೋಗಿತ್ತು. ಸಬೀರಾ ಮೀನು ಕತ್ತರಿಸುವ ಕತ್ತರಿ ತಂದು ದಾರವನ್ನೂ ಪೈಜಾಮವನ್ನೂ ಒಟ್ಟಿಗೆ ಕತ್ತರಿಸಿದರು. ಆಗ ಅವರು ಗುಸ್ಸಾ ನಕ್ಕೋ ಎನ್ನಲಿಲ್ಲ. ನೇರ ದಾಕ್ಷಾಯಣಿಗೆ ಫೋನು ಮಾಡಿದರು. ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ ಎಂದಳು ಅವಳು. ಡಾಕ್ಟರು ಕಾಲು ನೋಡಿ, ಬೈದು, ಕೆಲವು ದಿನ ಸುಮ್ಮನಿರಲು ಹೇಳಿ ಕಳಿಸಿದರು.

ಮತ್ತೆ ಕ್ಲಿನಿಕ್ಕಿಗೆ ಹೋದ ದಿನ ದಾಕ್ಷಾಯಣಿ ಪಟ್ಟಿ ಸುತ್ತುತ್ತಲೇ ಶುರು ಮಾಡಿದಳು. "ಇದೇನು ಉಳ್ಳಾಗಡ್ಡಿ ಚೀಲ ಅನ್ಕೊಂಡೀರೇನು? ಕಾಲು ಹೋಗಿದ್ರ ಯಾರು ಜವಾಬ್ದಾರಿ? ಇನ್ನೊಮ್ಮಿ ಹಿಂಗ ಮಾಡಿದ್ರ ನನ್ನ ಕಡಿ ಬರಬ್ಯಾಡ್ರಿ."

"ಬರ್ಬೇಡಿ ಅನ್ನೋದು ಸುಲಭ ಕಣಮ್ಮಾ!" ಮರಳು ಚೀಲದ ಕಾಲನ್ನು ಎತ್ತುತ್ತಲೇ ಖಾದರ್ ಬಾಷಾ ತಿರುಗಿಬಿದ್ದರು. "ಮನೇಲಿ ಅವಳು ನಕ್ಕೋ ನಕ್ಕೋ ಅಂತಾಳೆ, ನೀನು ಬಿಡ್ರಿ ಬಿಡ್ರಿ ಅಂತೀಯ, ಮಗ ಅನ್ನಿಸ್ಕೊಂಡೋನು ಬದುಕಿರೋ ಅಪ್ಪನ ಹೆಸರನ್ನ ಕುರ್ಚಿಗೆ ಬರೆಸ್ತಾನೆ! ಸ್ಟೀಲಂತೆ, ಗಟ್ಟಿಯಂತೆ! ನಾನು ಹೊತ್ತಿರೋ ಮೂಟೆ ಅವನ ಕುರ್ಚಿ ಮೇಲಿಟ್ರೆ ನಾಲ್ಕೂ ಕಾಲು ಮಡಚ್ಕೊಂಡು ಮಲಗುತ್ತೆ..."

ದಾಕ್ಷಾಯಣಿ ಯಂತ್ರ ನೋಡಿದಳು. ಅಂಕಿ ಏರಿತ್ತು, ಆದರೆ ಹಿಂದಿನ ಹಾಗೆ ಹಾರಿರಲಿಲ್ಲ. ಕಾಲು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಮಾತು ನಿಂತಿರಲಿಲ್ಲ.

"ಬೈರಿ," ಎಂದಳು.

"ಏನು?"

"ನಿಲ್ಲಿಸಬ್ಯಾಡ್ರಿ. ಬೈಯುವಾಗ ನಿಮ್ಮ ಉಸರು ನಿಲ್ಲಂಗಿಲ್ಲ. ಖರೇ ಸಿಟ್ಟಿಗೇಳಬ್ಯಾಡ್ರಿ, ಬರೇ ಬೈರಿ."

ಸಿಟ್ಟಿಲ್ಲದೆ ಬೈಯುವುದು ಯಾರ್ಡಿನಲ್ಲಿ ಬೆಳೆದವರಿಗೆ ಹೊಸದಲ್ಲ. ಅಲ್ಲಿ ಕುಶಲ ವಿಚಾರಿಸುವುದೇ ಹಾಗೆ. ಆದರೆ ಅಪ್ಪಣೆಯ ಮೇಲೆ ಬೈಯುವುದು ಎಷ್ಟು ಕಷ್ಟ ಎಂದು ಖಾದರ್ ಬಾಷಾಗೆ ಆಮೇಲೆ ಗೊತ್ತಾಯಿತು. ಬೈಯಲು ಸರಕು ಬೇಕು. ನಾಸಿರ್ ಕೆಲವು ವಾರಕ್ಕೆ ಸಾಲಿದ. ಆಮೇಲೆ ದಾಸರಹಳ್ಳಿಯ ಟ್ರಾಫಿಕ್ಕು, ಉಪ್ಪಿಲ್ಲದ ಸಾರು, ಕೆಳಗಿನ ಬೇಕರಿಯ ಪಫ್ಸಿನ ವಾಸನೆ. ಮನೆಯಲ್ಲಿ ಪಟ್ಟಿಯಿಲ್ಲದೆ ಬರೀ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಮಾಡಲು ದಾಕ್ಷಾಯಣಿ ಹೇಳಿದ್ದಳು. ಅದಕ್ಕೂ ಬೈಗುಳ ಬೇಕು.

"ಗುಸ್ಸಾ ನಕ್ಕೋ ಜೀ!"

"ಗುಸ್ಸಾ ಅಲ್ಲ ಕಣೇ, ವ್ಯಾಯಾಮ!"

ತಿಂಗಳುಗಳು ಉರುಳಿದವು. ಗುಳಿಗೆ ಬಿಡಲಿಲ್ಲ, ಡಾಕ್ಟರು ಬಿಡಲೂ ಹೇಳಲಿಲ್ಲ. ಕುರ್ಚಿಯಿಂದ ಸ್ಟೂಲಿಗೆ ಇಳಿದರು, ಸ್ಟೂಲಿನಿಂದ ಮಣೆಗೆ. ಒಂದು ಸಂಜೆ ಕ್ಲಿನಿಕ್ಕಿನ ಚಾಪೆಯಿಂದ, ನಗರಪಾಲಿಕೆಯನ್ನು ಬೈಯುತ್ತ, ಯಾವ ಕೈಯ ಆಸರೆಯೂ ಇಲ್ಲದೆ ಎದ್ದು ನಿಂತರು. ದಾಕ್ಷಾಯಣಿ ಚಪ್ಪಾಳೆ ತಟ್ಟಿದಳು.

ಮನೆಗೆ ಬರುವ ದಾರಿಯಲ್ಲೇ ಖುಷಿ ಇಳಿಯಿತು. ನಮಾಜಿನಲ್ಲಿ ಯಾರನ್ನು ಬೈಯುವುದು? ಅಂದು ರಾತ್ರಿ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಏಳಲು ನೋಡಿದರು. ದಮ್ ಕಟ್ಟಿತು, ತಲೆ ಧಿಮ್ಮೆಂದಿತು, ಮಂಚ ಹಿಡಿದರು.

"ಇಷ್ಟೆಲ್ಲಾ ಮಾಡಿ ಕೊನೆಗೆ ಅದೇ ಕುರ್ಚಿ," ಎಂದು ಗೊಣಗಿದರು.

ಬಟ್ಟೆ ಮಡಿಸುತ್ತಿದ್ದ ಸಬೀರಾ ತಲೆ ಎತ್ತಲಿಲ್ಲ. "ಏಳುವಾಗ ಅಲ್ಲಾಹು ಅಕ್ಬರ್ ಅಂತ ತಕ್ಬೀರ್ ಹೇಳಲ್ವಾ ಜೀ ನೀವು?"

"ಹೇಳ್ತೀನಿ. ಯಾರು ಹೇಳಲ್ಲ?"

"ಎದ್ದ ಮೇಲೆ ಹೇಳ್ತೀರಿ. ಏಳ್ತಾ ಏಳ್ತಾ ಹೇಳಿ. ಅದನ್ನ ಹೇಳೋಕೂ ಉಸಿರು ಬಿಡ್ಲೇಬೇಕಲ್ಲ."

ಅಷ್ಟು ವರ್ಷದ ನಮಾಜಿನಲ್ಲಿ ತಾವು ಮೂಟೆ ಎತ್ತುವವರಂತೆ ಬಾಯಿ ಕಟ್ಟಿಕೊಂಡೇ ಎದ್ದಿದ್ದು ಅವರಿಗೆ ಆಗ ಹೊಳೆಯಿತು. ಹೆಂಡತಿಗೆ ಅದು ಮೊದಲೇ ಗೊತ್ತಿದ್ದದ್ದು ಇನ್ನೂ ರೇಗಿಸಿತು. "ಇದನ್ನ ಮುಂಚೇನೇ ಹೇಳೋಕೇನಾಗಿತ್ತು?" ಎಂದರು. ಯಾರೂ ಕೇಳಿರಲಿಲ್ಲವಂತೆ.

ಮರುದಿನ ಇಳಿಮಧ್ಯಾಹ್ನದ ಅಸರ್ ನಮಾಜಿಗೆ ಕುರ್ಚಿಯನ್ನು ದಾಟಿ, ಕಂಬದ ಪಕ್ಕದ ತಮ್ಮ ಹಳೆಯ ಜಾಗದಲ್ಲಿ ನಿಂತರು. ಹಣೆ ನೆಲಕ್ಕಿಟ್ಟ ಸಜ್ದಾದಿಂದ ಏಳುವ ಹೊತ್ತು ಬಂತು. ಪಾದ ಊರಿ, ಕೈಗಳನ್ನು ತೊಡೆಯ ಮೇಲಿಟ್ಟು, ಪಕ್ಕದವನಿಗೂ ಕೇಳದಷ್ಟು ಮೆಲ್ಲಗೆ ಅಲ್ಲಾಹು ಅಕ್ಬರ್ ಎನ್ನುತ್ತ ಉಸಿರು ಬಿಟ್ಟರು. ತೊಡೆ ಒಪ್ಪಿತು. ಅರ್ಧ ಎದ್ದಿದ್ದರು, ಅಷ್ಟರಲ್ಲಿ ಬಲಮೊಣಕೈಗೆ ಒಂದು ಕೈ ಬಿದ್ದು ಮೇಲಕ್ಕೆಳೆಯಿತು. ಪಕ್ಕದಲ್ಲಿ ನಿಂತಿದ್ದ, ವೆಲ್ಡಿಂಗ್ ಅಂಗಡಿಯ ಮೊಹಮ್ಮದ್. ಒಳ್ಳೆಯ ಮನುಷ್ಯ.

ನಮಾಜಿನ ನಡುವೆ ಬಾಯಿ ಬಿಟ್ಟು ಬೈಯುವಂತಿರಲಿಲ್ಲ. ಖಾದರ್ ಬಾಷಾ ಎದುರಿನ ಗೋಡೆ ನೋಡುತ್ತ ನಿಂತರು.

ಎರಡನೇ ರಕಾತಿನ, ಅಂದರೆ ನಮಾಜಿನ ಎರಡನೇ ಸುತ್ತಿನ, ನಂತರ ಕೂತಲ್ಲಿಂದ ಏಳಬೇಕು. ಅವರ ಪಾಲಿಗೆ ಎಲ್ಲಕ್ಕಿಂತ ಕಷ್ಟದ್ದು ಅದು. ಈ ಸಲ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದರು. ಉಸಿರಿನ ಜತೆ ತಕ್ಬೀರ್ ಹೊರಟಿತು, ಅದರ ಜತೆ ಅವರೂ ಹೊರಟರು. ಮೊಹಮ್ಮದನ ಕೈ ಬರುವುದು ಬಂತು; ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಅವರು ಆಗಲೇ ನಿಂತಾಗಿತ್ತು.

ನಮಾಜು ಮುಗಿದ ಮೇಲೆ ಮೊಹಮ್ಮದ್ ಹೇಳಿದ: "ಚಾಚಾ, ನಾನ್ ಹಿಡೀದಿದ್ರೆ ಬಿದ್ದೇಬಿಡ್ತಿದ್ರಿ."

"ಹಿಡಿದಿದ್ದು ಒಂದ್ಸಲ. ಆಮೇಲೆ ಎಬ್ಬಿಸಿದ್ದು ನಿಮ್ಮಪ್ಪನಾ?"

ಹೊರಗೆ ನಾಸಿರ್ ಸ್ಕೂಟರ್ ಹಿಡಿದು ನಿಂತಿದ್ದ. "ಕುರ್ಚಿ ಆರಾಮಾಗಿತ್ತಾ ಅಬ್ಬಾ?"

"ಕುರ್ಚಿ ಅಲ್ಲೇ ಇರ್ಲಿ, ಬೇಕಾದೋರು ಕೂತ್ಕೋತಾರೆ. ನಾಳೆ ಥಿನ್ನರ್ ತಂದು ಹೆಸರು ಅಳಿಸು."

"ಯಾಕೆ ಅಬ್ಬಾ? ಏನಾಯ್ತು?"

ಖಾದರ್ ಬಾಷಾ ಸ್ಕೂಟರಿನ ಹತ್ತಿರ ಬಂದರು. ಹಿಂದಿನ ಸೀಟಿಗೆ ಹತ್ತಲು ಮಗ ಕೈ ಚಾಚಿದ. ಅವರು ಆ ಕೈಯನ್ನೊಮ್ಮೆ ನೋಡಿ, ಅದನ್ನೂ ಅದರ ಯಜಮಾನನನ್ನೂ ಬೈಯುತ್ತ, ತಾವೇ ಹತ್ತಿ ಕೂತರು.